ಉಗ್ರಾಣಿಯ ಸಂಬಳ

ಈಗಿನ ಕಚೇರಿಗಳಲ್ಲಿ ಕಡತವೆಂದರೆ ದಾರ ಹಾಕಿದ ಕಾಗದಗಳ ಕಟ್ಟು. ನಮ್ಮ ಹಿರಿಯರ ಕಾಲದಲ್ಲಿ ಕಡತವೆಂಬುದು ಬೇರೆಯೇ ಒಂದು ವಸ್ತುವಾಗಿದ್ದಿತು. ಬಟ್ಟೆಗೆ ಹುಣಿಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಒಣಗಿಸಿ, ಅದನ್ನು ಮಡಿಕೆ ಮಡಿಕೆಯಾಗಿ ಮಡಚಿ, ಬಳಪದಿಂದ ಲೆಕ್ಕ ಬರೆಯುತ್ತಿದ್ದ ಕರಿಯ ಪುಸ್ತಕಕ್ಕೆ ಕಡತವೆಂದು ಹೆಸರು. 1799ರಲ್ಲಿ ಟಿಪ್ಪು ಸುಲ್ತಾನನು ಮಡಿದ ಬಳಿಕ ಕೆನರಾ ಸೀಮೆ ಕುಂಪಣಿ ಸರಕಾರದ ಕೈಸೇರಿತಷ್ಟೆ. ಅದರ ಮೊದಲನೆಯ ಕಲೆಕ್ಟರನಾಗಿ ಬಂದ ಥಾಮಸ್ ಮನ್ರೋ ಸಾಹೇಬನು ಈ ನಾಡಿನ ತೀರ್ವೆಯ ಇತಿಹಾಸವನ್ನು ತಿಳಿಯಲು ಆಶ್ರಯಿಸಿದ್ದು ಶಾನುಭಾಗರ ಈ ಕರಿಯ ಪುಸ್ತಕಗಳನ್ನೇ. ವಿಜಯನಗರದವರು ಕಟ್ಟಿದ ‘ರೇಖೆ’ ಎಷ್ಟು, ಅದರ ಮೇಲೆ ಇಕ್ಕೇರಿಯವರೂ ಹೈದರನೂ ಟಿಪ್ಪುವೂ ಹೇರಿದ ‘ಶಾಮಿಲು’ ಎಷ್ಟು ಎಂಬುದನ್ನು ಅವನು 1800ರಲ್ಲಿ ಮೇಲಿನವರಿಗೆ ಬರೆದು ತಿಳಿಸಿದನು. ರಾಜ್ಯಗಳು ಮುಳುಗಿದರೂ ಲೆಕ್ಕ ಮುಳುಗಿರಲಿಲ್ಲ.

ಆ ಕಡತಗಳಲ್ಲಿ ಭೂಮಿಗೆ ಲೆಕ್ಕವಿತ್ತು, ತೀರ್ವೆಗೆ ಲೆಕ್ಕವಿತ್ತು. ಲೆಕ್ಕ ಬರೆದವನ ಹೊಟ್ಟೆಗೆ ಏನು ಲೆಕ್ಕ? ಅವನ ಹಿಂದೆ ಕೋಲು ಹಿಡಿದು ಗುಡ್ಡ ಹತ್ತಿ ಇಳಿದವನಿಗೆ ಏನು ಲೆಕ್ಕ? ನಮ್ಮ ಚರಿತ್ರಕಾರರು ಅರಸರ ವಂಶಾವಳಿಯನ್ನು ಶೋಧಿಸಿದಷ್ಟು ಆಸಕ್ತಿಯಿಂದ ಈ ಪ್ರಶ್ನೆಯನ್ನು ವಿಚಾರಿಸಿದಂತೆ ತೋರುವುದಿಲ್ಲ. ಸರಕಾರಿ ನೌಕರಿಯ ಮೇಲಿನ ಮೆಟ್ಟಿಲಿಗೂ ಕೆಳಗಿನ ಮೆಟ್ಟಿಲಿಗೂ ಇರುವ ಅಂತರವೇನು, ಯಾವ ವಯಸ್ಸಿನಲ್ಲಿ ಯಾರು ಈ ಏಣಿಯನ್ನು ಹತ್ತಿದರು, ಯಾವ ವಯಸ್ಸಿನಲ್ಲಿ ಇಳಿದರು, ಹತ್ತಲಾಗದೆ ಉಳಿದವರು ಯಾರು ಎಂಬುದನ್ನು ಕೆಳಗಿನ ತುದಿಯಿಂದ ನೋಡುವುದು ಪ್ರಕೃತ ಲೇಖನದ ಉದ್ದೇಶ.

ಇದಕ್ಕೆ ಕನ್ಯಾನದಂತಹ ಗ್ರಾಮವೇ ಒಳ್ಳೆಯ ನೆಲೆ. ಇಂದು ಬಂಟವಾಳ ತಾಲೂಕಿಗೆ ಸೇರಿ, ಕೇರಳದ ಗಡಿಯನ್ನು ಪಕ್ಕದಲ್ಲಿಟ್ಟುಕೊಂಡಿರುವ ಈ ಊರು ಹಿಂದೆ ಡೊಂಬ ಹೆಗ್ಗಡೆ ಅರಸರ ವಿಟ್ಲ ಸೀಮೆಯ ಮಗ್ಗುಲಿನದು. ಘಟ್ಟದ ಮೇಲಿನ ಹಳ್ಳಿಗಳಂತೆ ಇಲ್ಲಿ ಮನೆಗಳು ಒತ್ತೊತ್ತಾಗಿ ಕೇರಿ ಕೇರಿಯಾಗಿ ಇರುವುದಿಲ್ಲ. ಒಂದು ಮನೆ ಅಡಕೆತೋಟದ ಕೆಳಗಿದ್ದರೆ ಇನ್ನೊಂದು ಗುಡ್ಡದ ಆಚೆ. ನಡುವೆ ತೋಡು, ಸಂಕ, ಕಾಡು. ಆಷಾಢದ ಮಳೆಯಲ್ಲಿ ಸರಕಾರದ ಒಂದು ನೋಟೀಸನ್ನು ನಾಲ್ಕು ಮನೆಗಳಿಗೆ ಮುಟ್ಟಿಸುವುದೆಂದರೆ ಒಬ್ಬ ಮನುಷ್ಯನ ಒಂದು ದಿನ ಮುಗಿದಂತೆಯೇ. ಸರಕಾರವೆಂಬುದು ಬೆಂಗಳೂರಿನಲ್ಲಿಯೋ ಅಂದಿನ ಮದರಾಸಿನಲ್ಲಿಯೋ ಇದ್ದಿರಬಹುದು. ಅದು ಮನೆಯ ಅಂಗಳಕ್ಕೆ ಬಂದದ್ದು ಈ ಮನುಷ್ಯನ ಕಾಲುಗಳಿಂದ.

ನಮ್ಮ ಜಿಲ್ಲೆಯಲ್ಲಿ ಗ್ರಾಮದ ಆಡಳಿತವನ್ನು ಹೊತ್ತವರು ಮೂವರು: ಪಟೇಲರು, ಶಾನುಭಾಗರು, ಉಗ್ರಾಣಿ. ಪಟೇಲರು ಕಂತಿನ ಹಣ ಎತ್ತುವವರು, ಊರಿನ ಶಾಂತಿಗೆ ಹೊಣೆಯಾದವರು. ಶಾನುಭಾಗರು ಲೆಕ್ಕದವರು, ಶಾಸನಗಳಲ್ಲಿ ಬರುವ ‘ಸೇನಬೋವ’ನೇ ಸವೆದು ಸವೆದು ಶಾನುಭಾಗನಾಗಿ ನಮಗೆ ಬಂದಿದ್ದಾನೆ. ವರ್ಗ ಯಾರದು, ಕುಮ್ಕಿ ಎಲ್ಲಿಯವರೆಗೆ, ಬೇರೀಜು ಎಷ್ಟು ಎಂಬುದಕ್ಕೆಲ್ಲ ಅವರ ಅಡಂಗಲೇ ಆಧಾರ. ಉಗ್ರಾಣಿಯ ಹೆಸರು ಉಗ್ರಾಣದ ಬಾಗಿಲನ್ನು ನೆನಪಿಗೆ ತರುತ್ತದೆ. ಆದರೆ ನಾವು ಬಲ್ಲ ಉಗ್ರಾಣಿ ಧಾನ್ಯದ ಕಣಜವನ್ನು ಕಾದವನಲ್ಲ. ಕರೆ ಹೇಳುವುದು, ನೋಟೀಸು ಮುಟ್ಟಿಸುವುದು, ಅಳತೆಗೆ ಬಂದವರ ಸರಪಣಿ ಹಿಡಿಯುವುದು, ಸಾಹೇಬರು ಬಂದರೆ ದಾರಿ ತೋರಿಸುವುದು, ಅಸಹಜವಾದ ಸಾವು ಸಂಭವಿಸಿದರೆ ಹೆಣ ಕಾಯುವುದು, ಇವೆಲ್ಲ ಅವನ ಪಾಲಿನ ಕೆಲಸಗಳಾದುವು.

ಈ ಮೂವರಿಗೂ ಪೂರ್ವಕಾಲದಲ್ಲಿ ಈಗಿನ ಅರ್ಥದ ಸಂಬಳವೆಂಬುದು ಇರಲಿಲ್ಲ. ದಕ್ಷಿಣ ದೇಶದಲ್ಲೆಲ್ಲ ಗ್ರಾಮನೌಕರರ ಜೀವನ ನಡೆದದ್ದು ಉಂಬಳಿಯ ಭೂಮಿಯಿಂದ, ಸುಗ್ಗಿಯ ಕಾಲದಲ್ಲಿ ರೈತರು ಅಳೆದುಕೊಡುತ್ತಿದ್ದ ಧಾನ್ಯದಿಂದ. ಬ್ರಿಟಿಷರು ಇದನ್ನು ನಗದಿಗೆ ತಿರುಗಿಸಲು ಹೊರಟರು. ಮದರಾಸು ಅಧಿಪತ್ಯದಲ್ಲಿ 1864ರಲ್ಲಿ ಆದ ಒಂದು ಕಾನೂನು ಗ್ರಾಮನೌಕರರ ವೇತನಕ್ಕಾಗಿ ರೈತರಿಂದ ಪ್ರತ್ಯೇಕ ಪಟ್ಟಿಯನ್ನು ಎತ್ತಲು ಅವಕಾಶ ಕೊಟ್ಟಿತು. ಧಾನ್ಯದ ಅಳತೆ ಹೋಗಿ ರೂಪಾಯಿಯ ಎಣಿಕೆ ಬಂದಿತು. ಆದರೆ ಆ ಎಣಿಕೆ ಜೀವನಕ್ಕೆ ಸಾಕಾಗುವಷ್ಟಿರಬೇಕೆಂದು ಯಾರೂ ಭಾವಿಸಲಿಲ್ಲ. ಪಟೇಲರಿಗೆ ಭೂಮಿಯಿದೆ, ಶಾನುಭಾಗರಿಗೆ ಮರ್ಯಾದೆಯಿದೆ, ಉಗ್ರಾಣಿಗೆ ಊರಿದೆ. ಸರಕಾರದ ಹಣ ಮೇಲಿನ ಸಂಭಾವನೆ ಮಾತ್ರ ಎಂಬುದು ಆಗಿನ ತರ್ಕವಾಗಿದ್ದಿತು.

ಏಣಿಯ ಮೇಲಿನ ತುದಿಯಲ್ಲಿ ತರ್ಕವೇ ಬೇರೆಯಾಗಿತ್ತು. ಕುಂಪಣಿಯ ಆಂಗ್ಲ ನೌಕರರು ಮೊದಲು ಅಲ್ಪ ಸಂಬಳದವರಾಗಿದ್ದು, ಖಾಸಗಿ ವ್ಯಾಪಾರದಿಂದಲೂ ಕಾಣಿಕೆಗಳಿಂದಲೂ ಕೈತುಂಬಿಸಿಕೊಳ್ಳುತ್ತಿದ್ದರು. 1786ರಲ್ಲಿ ಬಂದ ಗವರ್ನರ್ ಜನರಲ್ ಕಾರ್ನ್‌ವಾಲಿಸನು ಇದಕ್ಕೆ ಮದ್ದು ಕಂಡುಹಿಡಿದನು. ಬಂಗಾಳದ ಕಲೆಕ್ಟರನಿಗೆ ತಿಂಗಳಿಗೆ 1500 ರೂಪಾಯಿ ಸಂಬಳವನ್ನೂ ಅದರ ಮೇಲೆ ವಸೂಲಿಯಲ್ಲಿ ಒಂದಂಶವನ್ನೂ ಗೊತ್ತುಮಾಡಿ, ಪ್ರಾಮಾಣಿಕನಾಗಿರು ಎಂದನು. ಆದರೆ ಅದೇ ಕಾಲದಲ್ಲಿ ದೊಡ್ಡ ಹುದ್ದೆಗಳೆಲ್ಲವೂ ಕರಾರು ಬರೆದುಕೊಟ್ಟ ಆಂಗ್ಲರಿಗೇ ಮೀಸಲಾದುವು. ಭಾರತೀಯನಿಗೆ ಉಳಿದುದು ಕಡಿಮೆ ಸಂಬಳದ ಕೆಲಸವೂ ಅಪ್ರಾಮಾಣಿಕನೆಂಬ ಹೆಸರೂ.

ಈ ಅನ್ಯಾಯವನ್ನು ಕಂಡು ಹೇಳಿದವರಲ್ಲಿ ನಮ್ಮ ಮೊದಲ ಕಲೆಕ್ಟರನೂ ಒಬ್ಬನೆಂಬುದು ಸ್ಮರಣೀಯ. ಮುಂದೆ ಮದರಾಸಿನ ಗವರ್ನರನಾದ ಮನ್ರೋ 1824ರ ಡಿಸೆಂಬರದಲ್ಲಿ ಬರೆದ ಪ್ರಸಿದ್ಧವಾದ ಟಿಪ್ಪಣಿಯಲ್ಲಿ ದೇಶೀಯರನ್ನು ಅಧಿಕಾರದ ಹುದ್ದೆಗಳಿಂದ ದೂರವಿಟ್ಟರೆ ಅವರ ಶೀಲವೇ ಕುಗ್ಗುವುದೆಂದು ಎಚ್ಚರಿಸಿದನು. ಆಂಗ್ಲ ನೌಕರರು ಶುದ್ಧಹಸ್ತರಾದದ್ದು ಸಂಬಳ ಏರಿದ ಮೇಲೆಯೇ. ಅದೇ ಮದ್ದು ದೇಶೀಯರಿಗೂ ಸಲ್ಲಬೇಕೆಂಬುದು ಅವನು ಎತ್ತಿಹಿಡಿದ ವಾದ. ಅವನ ಮಾತಿಗೆ ಕಾಗದದ ಮೇಲೆ ಮನ್ನಣೆ ದೊರೆಯಿತು. 1833ರ ಚಾರ್ಟರ್ ಕಾನೂನು ಮತ, ಜನ್ಮಸ್ಥಳ, ವಂಶ, ವರ್ಣಗಳ ಕಾರಣದಿಂದ ಯಾರನ್ನೂ ಹುದ್ದೆಗೆ ಅನರ್ಹರೆನ್ನಬಾರದೆಂದಿತು. ಆದರೆ ಆ ಮದ್ದು ಗ್ರಾಮದವರೆಗೆ ಇಳಿದು ಬರಲಿಲ್ಲ.

ಕೆಳಗಿನ ಅಲ್ಪ ಸಂಬಳದಿಂದ ಆದ ಕೇಡುಗಳಲ್ಲಿ ಒಂದನ್ನು ಎಲ್ಲರೂ ಬಲ್ಲರು. ‘ಮಾಮೂಲು’ ಎಂಬ ಶಬ್ದಕ್ಕೆ ವಾಡಿಕೆಯೆಂದು ಅರ್ಥ. ವಾಡಿಕೆಯಾಗಿ ಕೊಡುವ ಕೈಬಿಸಿಗೂ ಅದೇ ಹೆಸರಾಯಿತು. ಶಬ್ದವೊಂದು ಹೀಗೆ ಕೆಟ್ಟುಹೋಗಬೇಕಾದರೆ ಅದರ ಹಿಂದೆ ಸಂಬಳದ ಚರಿತ್ರವಿದೆಯೆಂದು ತಿಳಿಯಬೇಕು. ಇನ್ನೊಂದು ಕೇಡು ಇಷ್ಟು ಸುಲಭವಾಗಿ ಕಣ್ಣಿಗೆ ಬೀಳುವುದಿಲ್ಲ. ಸಂಬಳ ಸಾಲದ ಹುದ್ದೆಯನ್ನು ವಹಿಸಿಕೊಳ್ಳಲು ಸ್ವಂತ ಭೂಮಿಯುಳ್ಳವನಿಗೆ ಮಾತ್ರವೇ ಸಾಧ್ಯ. ಗೇಣಿಗೆ ದುಡಿಯುವವನ ಮಗನು ಓದುಬರಹ ಕಲಿತರೂ ಶಾನುಭಾಗಿಕೆಯಿಂದ ಸಂಸಾರ ಸಾಗಿಸಲಾರನು. ಆದುದರಿಂದ ಅಲ್ಪ ಸಂಬಳವು ಬೊಕ್ಕಸಕ್ಕೆ ಉಳಿತಾಯವಾದಂತೆಯೇ ಉಳ್ಳವರ ಮನೆಗೆ ಬೇಲಿಯೂ ಆಯಿತು. ಭೂಮಿಯ ಲೆಕ್ಕ ಭೂಮಿಯುಳ್ಳವರ ಕೈಯಲ್ಲಿಯೇ ಉಳಿಯಿತು.

ತಾಲೂಕು ಕಚೇರಿಯಲ್ಲಿಯೂ ಇದೇ ನೀತಿ ಬೇರೆ ವೇಷದಲ್ಲಿ ನಡೆಯುತ್ತಿತ್ತು. ಜವಾನ, ದಫೇದಾರ, ಗುಮಾಸ್ತ, ರೆವಿನ್ಯೂ ಇನ್ಸ್‌ಪೆಕ್ಟರ್, ಶಿರಸ್ತೇದಾರ, ತಹಶೀಲ್ದಾರ, ಡೆಪ್ಯುಟಿ ಕಲೆಕ್ಟರ್ ಎಂದು ಮೆಟ್ಟಿಲುಗಳು ಸಾಲಾಗಿದ್ದುವು. ಇವೆಲ್ಲಕ್ಕಿಂತ ಕೆಳಗೆ, ಲೆಕ್ಕಕ್ಕೇ ಸೇರದ ಮೆಟ್ಟಿಲೊಂದಿತ್ತು, ಅದು ಉಮೇದುವಾರರದು. ಪರೀಕ್ಷೆ ಮುಗಿಸಿದ ಹುಡುಗನು ಕಚೇರಿಗೆ ದಿನವೂ ಬಂದು, ನಕಲು ಬರೆದು, ಕಡತ ಹುಡುಕಿಕೊಟ್ಟು, ಹುದ್ದೆ ಯಾವಾಗ ಖಾಲಿಯಾದೀತೆಂದು ಕಾಯುವನು. ಸಂಬಳವಿಲ್ಲ; ಉಮೇದು, ಎಂದರೆ ಆಸೆ, ಅದೇ ಅವನ ಸಂಬಳ. ತಂದೆಯ ಮನೆಯಲ್ಲಿ ಅನ್ನವಿದ್ದವನು ಕಾದನು; ಇಲ್ಲದವನು ಮುಂಬಯಿಯ ಹೋಟಲಿಗೆ ಹೋದನು.

ಸಂಬಳದಂತೆ ವಯಸ್ಸಿಗೂ ಒಂದು ಚರಿತ್ರವುಂಟು. ಗ್ರಾಮದ ಹುದ್ದೆಗೆ ಹಿಂದೆ ವಯಸ್ಸೆಂಬುದು ಇರಲಿಲ್ಲ, ವಂಶವಿತ್ತು. ಮದರಾಸಿನ 1895ರ ವಂಶಪಾರಂಪರ್ಯ ಗ್ರಾಮಹುದ್ದೆಗಳ ಕಾನೂನು ಅನ್ವಯಿಸಿದ ಕಡೆಗಳಲ್ಲಿ, ಹಕ್ಕುದಾರನು ಬಾಲಕನಾಗಿದ್ದರೆ ಅವನ ಹೆಸರನ್ನು ದಾಖಲಿಸಿಕೊಂಡು, ಅವನು ಪ್ರಾಯಕ್ಕೆ ಬರುವ ತನಕ ಕೆಲಸಕ್ಕೆ ಮಾತ್ರ ಬೇರೊಬ್ಬನನ್ನು ನೇಮಿಸಬಹುದಾಗಿತ್ತು. ಕುರ್ಚಿ ಮಗುವಿನದು, ಕೈ ಮತ್ತೊಬ್ಬನದು! ಇತ್ತ ಸಿವಿಲ್ ಸರ್ವಿಸಿನ ಶಿಖರದಲ್ಲಿ ವಯಸ್ಸೇ ದೊಡ್ಡ ಬಾಗಿಲಾಯಿತು. 1855ರಲ್ಲಿ ಲಂಡನಿನಲ್ಲಿ ಸ್ಪರ್ಧಾಪರೀಕ್ಷೆ ಆರಂಭವಾದಾಗ 23 ವರುಷದವರೆಗೆ ಪ್ರವೇಶವಿತ್ತು. ಆ ಮೇರೆಯನ್ನು ಇಳಿಸುತ್ತ ಇಳಿಸುತ್ತ 1870ರ ದಶಕದ ಕೊನೆಗೆ 19ಕ್ಕೆ ತಂದು ನಿಲ್ಲಿಸಿದರು. ಸಮುದ್ರ ದಾಟಿ, ಪರಭಾಷೆಯಲ್ಲಿ, ಹತ್ತೊಂಬತ್ತು ತುಂಬುವುದರೊಳಗೆ ಗೆಲ್ಲುವ ಭಾರತೀಯ ಹುಡುಗರು ಎಷ್ಟು ಮಂದಿ? ಸುರೇಂದ್ರನಾಥ ಬ್ಯಾನರ್ಜಿಯವರು 1877ರಲ್ಲಿ ಊರೂರು ಸಂಚರಿಸಿ ಈ ನಿಯಮವನ್ನು ಖಂಡಿಸಿದರು. ಒಂದು ಅಂಕಿಯನ್ನು ಬದಲಿಸಿದರೆ ಸಾವಿರಾರು ಮಂದಿಯನ್ನು ಹೊರಗಿಡಬಹುದೆಂಬ ವಿದ್ಯೆ ಸರಕಾರಗಳಿಗೆ ಅಂದಿನಿಂದಲೂ ತಿಳಿದಿದೆ. 1922ರಿಂದ ಈ ಪರೀಕ್ಷೆ ಭಾರತದಲ್ಲಿಯೂ ನಡೆಯತೊಡಗಿತು. ಅದೇ ವರುಷ ಜಾರಿಗೆ ಬಂದ ಮೂಲನಿಯಮಗಳು ಸಾಮಾನ್ಯವಾಗಿ 55 ವರುಷಕ್ಕೆ ನಿವೃತ್ತಿಯನ್ನು ಗೊತ್ತುಮಾಡಿದ್ದುವು.

ನಮ್ಮ ಜಿಲ್ಲೆಯವರಲ್ಲಿ ಆ ಶಿಖರವನ್ನು ಮುಟ್ಟಿದವರಲ್ಲಿ ಬೆನಗಲ್ ನರಸಿಂಗರಾಯರು ಅಗ್ರಗಣ್ಯರು. 1887ರಲ್ಲಿ ಮಂಗಳೂರಿನಲ್ಲಿ ಜನಿಸಿ, ಕೆನರಾ ಹೈಸ್ಕೂಲಿನಲ್ಲಿ ಓದಿ, ಸಿವಿಲ್ ಸರ್ವಿಸಿಗೆ ಸೇರಿದ ಅವರು ಮುಂದೆ ಭಾರತದ ಸಂವಿಧಾನಸಭೆಗೆ ಸಲಹೆಗಾರರಾದರು. 1949ರ ನವಂಬರ 26ರಂದು ಸಭಾಧ್ಯಕ್ಷ ರಾಜೇಂದ್ರಪ್ರಸಾದರು ಅವರಿಗೆ ವಂದನೆ ಸಲ್ಲಿಸುವಾಗ, ಅವರು ಇಲ್ಲಿದ್ದಷ್ಟು ಕಾಲವೂ ವೇತನವಿಲ್ಲದೆ ಗೌರವಾರ್ಥವಾಗಿ ದುಡಿದರೆಂಬುದನ್ನು ವಿಶೇಷವಾಗಿ ನೆನೆದರು. ಈ ತ್ಯಾಗಕ್ಕೆ ನಾವೆಲ್ಲ ತಲೆಬಾಗಬೇಕು. ಆದರೆ ‘ಗೌರವಾರ್ಥ’ ಎಂಬ ಮಾತನ್ನು ವಾಚಕರು ಸ್ವಲ್ಪ ನೆನಪಿನಲ್ಲಿಟ್ಟುಕೊಳ್ಳಬೇಕು. ದೀರ್ಘಕಾಲದ ದೊಡ್ಡ ಸೇವೆಯನ್ನು ಮುಗಿಸಿದವರು ಸ್ವ ಇಚ್ಛೆಯಿಂದ ಸಂಬಳ ಬೇಡವೆಂದರೆ ಅದು ಗೌರವ. ಸಂಬಳ ಬೇಕೆನ್ನುವವನಿಗೆ ಸಂಬಳದ ಬದಲು ಗೌರವವನ್ನು ಕೊಟ್ಟರೆ ಅದನ್ನು ಏನೆಂದು ಕರೆಯೋಣ?

ಏಣಿಯ ಎತ್ತರವನ್ನು ಕುಗ್ಗಿಸಬೇಕೆಂಬ ಕೂಗು ಸ್ವಾತಂತ್ರ್ಯದ ಹೋರಾಟದೊಳಗೇ ಹುಟ್ಟಿತು. 1930ರ ಮಾರ್ಚಿಯಲ್ಲಿ ಗಾಂಧೀಜಿಯವರು ವೈಸರಾಯ್ ಇರ್ವಿನನಿಗೆ ಬರೆದ ಪತ್ರದಲ್ಲಿ, ತಿಂಗಳಿಗೆ 21,000 ರೂಪಾಯಿ ಮೀರಿದ ಅವನ ಸಂಬಳವನ್ನೂ ದಿನಕ್ಕೆ ಎರಡು ಆಣೆಗೂ ಕಡಿಮೆಯಾದ ಸಾಮಾನ್ಯ ಭಾರತೀಯನ ವರಮಾನವನ್ನೂ ಎದುರೆದುರಿಗಿಟ್ಟು, ಇದು ಐದು ಸಾವಿರ ಪಟ್ಟಿಗಿಂತ ಹೆಚ್ಚೆಂದು ತೋರಿಸಿಕೊಟ್ಟರು. ಮರುವರುಷ ಕರಾಚಿಯಲ್ಲಿ ಸೇರಿದ ಕಾಂಗ್ರೆಸ್ ಮಹಾಸಭೆಯು ತಜ್ಞರನ್ನು ಬಿಟ್ಟು ಉಳಿದ ಯಾವ ಸರಕಾರಿ ಅಧಿಕಾರಿಗೂ ಸಾಮಾನ್ಯವಾಗಿ 500 ರೂಪಾಯಿಗೆ ಮೇಲೆ ಸಂಬಳ ಕೂಡದೆಂದು ನಿರ್ಣಯಿಸಿತು. 1937ರಲ್ಲಿ ಅಧಿಕಾರಕ್ಕೆ ಬಂದ ಕಾಂಗ್ರೆಸ್ ಮಂತ್ರಿಗಳು ಈ ಮೇರೆಯನ್ನು ತಮಗೆ ತಾವೇ ವಿಧಿಸಿಕೊಂಡರು. 1947ರಲ್ಲಿ ವರದಿಯಿತ್ತ ವರದಾಚಾರಿಯರ್ ಅವರ ಅಧ್ಯಕ್ಷತೆಯ ಮೊದಲನೆಯ ಕೇಂದ್ರ ವೇತನ ಆಯೋಗವು ಕನಿಷ್ಠ ವೇತನವನ್ನು 55 ರೂಪಾಯಿಗೂ ಗರಿಷ್ಠವನ್ನು 2000 ರೂಪಾಯಿಗೂ ನಿಗದಿಮಾಡಿತು. ಮೇಲಿನವನಿಗೂ ಕೆಳಗಿನವನಿಗೂ ಸುಮಾರು 36 ಪಟ್ಟು ಅಂತರ.

ಗ್ರಾಮದಲ್ಲಿ ಬದಲಾವಣೆಗೆ ಇನ್ನೂ ಹದಿನಾರು ವರುಷ ಬೇಕಾಯಿತು. 1960ರ ಡಿಸೆಂಬರದಲ್ಲಿ ಗಾಜುಲ ದಶರಥರಾಮರಾಯರ ಮೊಕದ್ದಮೆಯಲ್ಲಿ ಸರ್ವೋಚ್ಚ ನ್ಯಾಯಾಲಯವು, ಗ್ರಾಮದ ಹುದ್ದೆಯೂ ಸರಕಾರಿ ಹುದ್ದೆಯೇ, ಅದನ್ನು ವಂಶದ ಆಧಾರದಿಂದ ಕೊಡುವುದು ಸಂವಿಧಾನಕ್ಕೆ ವಿರುದ್ಧವೆಂದು ಸಾರಿತು. 1956ರಲ್ಲಿಯೇ ಮದರಾಸಿನಿಂದ ಬೇರ್ಪಟ್ಟು ಮೈಸೂರು ರಾಜ್ಯಕ್ಕೆ ಸೇರಿದ್ದ ನಮ್ಮ ಜಿಲ್ಲೆಗೆ ಆ ರಾಜ್ಯದ 1961ರ ಗ್ರಾಮಹುದ್ದೆಗಳ ರದ್ದಿಯಾತಿ ಕಾನೂನು ಬಂದಿತು. 1963ರ ಫೆಬ್ರವರಿ 1ರಿಂದ ಅದು ಜಾರಿಯಾಯಿತು. ವಂಶದ ಶಾನುಭಾಗನ ಸ್ಥಾನಕ್ಕೆ ವೇತನಶ್ರೇಣಿಯುಳ್ಳ ಗ್ರಾಮಲೆಕ್ಕಿಗನು ಬಂದನು. ಅವನನ್ನೇ ಇತ್ತೀಚೆಗೆ ಗ್ರಾಮ ಆಡಳಿತ ಅಧಿಕಾರಿಯೆಂದು ಕರೆಯಲಾಗಿದೆ. ಸಂಬಳ ಬದುಕಿಗೆ ಸಾಲುವಂತಾದುದರಿಂದ ಗೇಣಿದಾರನ ಮಗನಿಗೂ ಮಗಳಿಗೂ ಆ ಕುರ್ಚಿ ಎಟಕುವಂತಾಯಿತು. 1974ರ ಮಾರ್ಚ್ 1ರಂದು ಭೂಸುಧಾರಣೆಯ ತಿದ್ದುಪಡಿ ಜಾರಿಗೆ ಬಂದು ಉಳುವವರು ತಮ್ಮ ಹಕ್ಕಿಗೆ ಅರ್ಜಿ ಹಾಕಿದಾಗ, ಪಹಣಿಯಲ್ಲಿ ಯಾರ ಹೆಸರಿದೆ, ಅದನ್ನು ಬರೆದವರು ಯಾರು ಎಂಬುದಕ್ಕೆ ಎಷ್ಟು ಬೆಲೆಯೆಂಬುದು ನಮ್ಮ ಜಿಲ್ಲೆಗೆ ಚೆನ್ನಾಗಿ ಅರಿವಾಯಿತು. ಬರೆಯುವವನ ಸಂಬಳವು ಬರೆದುದರ ಸತ್ಯಕ್ಕೆ ಎಷ್ಟು ಹತ್ತಿರದ ನಂಟು!

ಅದೇ 1956ರ ವಿಂಗಡಣೆಯು ಕನ್ಯಾನದ ಪಕ್ಕದಲ್ಲಿ ಇನ್ನೊಂದು ವಿಚಿತ್ರವನ್ನೂ ಹುಟ್ಟಿಸಿತು. ಕಾಸರಗೋಡು ಕೇರಳಕ್ಕೆ ಹೋಯಿತು. ಭಾಷೆ ಒಂದೇ, ಭೂತದ ಕೋಲ ಒಂದೇ, ಅಡಕೆಯ ಕೊಳೆರೋಗವೂ ಒಂದೇ. ಆದರೆ ನೌಕರನ ಮುಪ್ಪು ಬೇರೆಯಾಯಿತು. ಕರ್ನಾಟಕವು 2008ರಲ್ಲಿ ನಿವೃತ್ತಿಯ ವಯಸ್ಸನ್ನು 58ರಿಂದ 60ಕ್ಕೆ ಏರಿಸಿತು. ಕೇರಳವು 2012ರಲ್ಲಿ 55ರಿಂದ 56ಕ್ಕೆ ಏರಿಸಿತು. 2013ರ ಎಪ್ರಿಲಿನ ಬಳಿಕ ಹೊಸ ಪಿಂಚಣಿ ಪದ್ಧತಿಯಲ್ಲಿ ಸೇರಿದವರಿಗೆ ಮಾತ್ರ 60. ಪೈವಳಿಕೆಯ ಸರಕಾರಿ ಶಾಲೆಯ ಹಳೆಯ ಉಪಾಧ್ಯಾಯರು ಮನೆಗೆ ಹೋದ ನಾಲ್ಕು ವರುಷಗಳ ತನಕ ಅವರ ಓರಗೆಯ ಕನ್ಯಾನದವರು ಪಾಠ ಹೇಳುತ್ತಲೇ ಇರುವರು. ಶಾಲೆಗೆ ಸೇರಿಸುವಾಗ ಹಾಕಿದ ಹುಟ್ಟುದಿನಗಳಿಂದಾಗಿ ಕೇರಳದಲ್ಲಿ ಮೇ 31ರಂದು ಸಾವಿರಾರು ಮಂದಿ ಒಮ್ಮೆಗೇ ನಿವೃತ್ತರಾಗುವುದುಂಟು. ಮುಪ್ಪೆಂಬುದು ಕೂಡ ಭಾಗಶಃ ಕಚೇರಿಯ ಸೃಷ್ಟಿಯೆಂಬುದಕ್ಕೆ ಇದಕ್ಕಿಂತ ಬೇರೆ ಸಾಕ್ಷಿ ಬೇಕೆ?

ಈಗ ಏಣಿಯನ್ನು ಪುನಃ ಅಳೆಯೋಣ. ಸುಧಾಕರರಾಯರ ಅಧ್ಯಕ್ಷತೆಯ ಏಳನೆಯ ರಾಜ್ಯ ವೇತನ ಆಯೋಗದ ಶಿಫಾರಸಿನಂತೆ 2024ರ ಆಗಸ್ಟ್ 1ರಿಂದ ಕರ್ನಾಟಕದಲ್ಲಿ ಕನಿಷ್ಠ ಮೂಲವೇತನ 27,000 ರೂಪಾಯಿ, ಗರಿಷ್ಠ 2,41,200 ರೂಪಾಯಿ ಎಂದಾಯಿತು. ಅಂತರ ಒಂಬತ್ತು ಪಟ್ಟಿಗಿಂತಲೂ ತುಸು ಕಡಿಮೆ. 1947ರ ಕೇಂದ್ರದ 36 ಪಟ್ಟಿಗೂ 1930ರ ಆ ಭಯಂಕರವಾದ ಅಂಕಿಗೂ ಹೋಲಿಸಿದರೆ ಇದು ಸಾಮಾನ್ಯವಾದ ಸಾಧನೆಯಲ್ಲ. ಪಿಂಚಣಿಯೂ ದಯಾಭಿಕ್ಷೆಯಲ್ಲ, ಸಲ್ಲಿಸಿದ ಸೇವೆಯ ಹಕ್ಕು ಎಂದು ಸರ್ವೋಚ್ಚ ನ್ಯಾಯಾಲಯವು 1982ರಲ್ಲಿ ನಕಾರಾ ಮೊಕದ್ದಮೆಯಲ್ಲಿ ಹೇಳಿದೆ.

ಆದರೆ ಈ ಅಳತೆ ಏಣಿಯ ಮೇಲಿದ್ದವರಿಗೆ ಮಾತ್ರ ಸಲ್ಲುವಂಥದು. ಉಗ್ರಾಣಿ ಎಲ್ಲಿ? ಅವನು ‘ಗ್ರಾಮಸಹಾಯಕ’ನೆಂಬ ಹೊಸ ಹೆಸರು ಪಡೆದನು, ಅವನಿಗೆ ದೊರೆತದ್ದು ವೇತನಶ್ರೇಣಿಯಲ್ಲ, ‘ಗೌರವಧನ’. ಅವನ ಪಕ್ಕದಲ್ಲಿ ಈಗ ಬೇರೆಯವರೂ ನಿಂತಿದ್ದಾರೆ. 1975ರಲ್ಲಿ ಆರಂಭವಾದ ಶಿಶುಾಭಿವೃದ್ಧಿ ಯೋಜನೆಯ ಅಂಗನವಾಡಿ ಕಾರ್ಯಕರ್ತೆಯರಿಗೆ ಗೌರವಧನ. 2005ರ ಗ್ರಾಮೀಣ ಆರೋಗ್ಯ ಯೋಜನೆಯ ಆಶಾ ಕಾರ್ಯಕರ್ತೆಯರಿಗೆ ಪ್ರೋತ್ಸಾಹಧನ. ಶಾಲೆಗಳಲ್ಲಿ ಖಾಲಿಯಾದ ಹುದ್ದೆಯ ಪಾಠವನ್ನು ಹೇಳುವವರು ‘ಅತಿಥಿ’ ಶಿಕ್ಷಕರು. ನಮ್ಮ ಸಂಪ್ರದಾಯದಲ್ಲಿ ಅತಿಥಿಗೆ ಮೊದಲು ಎಲೆ ಹಾಕುವರು. ಸರಕಾರದ ಸಂಪ್ರದಾಯದಲ್ಲಿ ಅವನಿಗೆ ಕೊನೆಯ ಪಂಕ್ತಿ. 2006ರ ಎಪ್ರಿಲಿನಲ್ಲಿ ಕರ್ನಾಟಕದ್ದೇ ಆದ ಉಮಾದೇವಿ ಮೊಕದ್ದಮೆಯು ಹಂಗಾಮಿ ನೌಕರರಿಗೆ ಕಾಯಂ ಆಗುವ ಹಕ್ಕಿಲ್ಲವೆಂದಿತು. ಅದೇ ವರುಷದ ಡಿಸೆಂಬರದಲ್ಲಿ ಅಮೀರ್‌ಬೀ ಮೊಕದ್ದಮೆಯು ಅಂಗನವಾಡಿಯ ಕೆಲಸ ಸರಕಾರಿ ಹುದ್ದೆಯಲ್ಲವೆಂದಿತು. 2022ರ ಎಪ್ರಿಲಿನಲ್ಲಿ ಅದೇ ನ್ಯಾಯಾಲಯವು ಆ ಕಾರ್ಯಕರ್ತೆಯರಿಗೆ ಉಪದಾನದ ಹಕ್ಕುಂಟೆಂದು ಒಪ್ಪಿದುದು ಕತ್ತಲೆಯಲ್ಲಿ ಕಂಡ ಒಂದು ಬೆಳಕು.

ಬೊಕ್ಕಸಕ್ಕೂ ಮಿತಿಯುಂಟಲ್ಲವೆ, ಇವರದು ಅರೆದಿನದ ಕೆಲಸವಲ್ಲವೆ ಎಂದು ಆಕ್ಷೇಪಿಸುವವರಿದ್ದಾರೆ. ಬೊಕ್ಕಸದ ಮಾತು ಸುಳ್ಳಲ್ಲ. ಹಂಗಾಮಿಯಾಗಿ ಹಿಂದಿನ ಬಾಗಿಲಿನಿಂದ ಬಂದವರನ್ನೆಲ್ಲ ಕಾಯಂ ಮಾಡಿದರೆ ಪರೀಕ್ಷೆಗೆ ಕಾದು ಕುಳಿತವರಿಗೆ ಅನ್ಯಾಯವಾಗುವುದೆಂಬ ನ್ಯಾಯಾಲಯದ ಚಿಂತೆಯೂ ವಿಚಾರಾರ್ಹವಾದುದೇ. ಆದರೆ ಅರೆದಿನದ ಕೆಲಸವೆಂಬ ಮಾತು ಹಳೆಯ ಕಡತದಿಂದ ಎತ್ತಿದ ಮಾತು. ಪಟೇಲನಿಗೆ ಭೂಮಿಯಿದೆ, ಉಗ್ರಾಣಿಗೆ ಊರಿದೆ ಎಂದು ಹೇಳಿದವರೂ ಇದನ್ನೇ ಹೇಳಿದ್ದರು. ಕಾರ್ಯಕರ್ತೆಗೆ ಗಂಡನ ಸಂಪಾದನೆಯಿದೆ ಎಂದು ಇಂದು ಭಾವಿಸುವುದು ಅದೇ ತರ್ಕದ ಮರಿ. ಆ ತರ್ಕದ ಫಲವೇನೆಂಬುದನ್ನು ನಾವು ಒಂದೂವರೆ ಶತಮಾನ ಉಂಡು ನೋಡಿದ್ದೇವೆ: ಕೆಳಗೆ ಮಾಮೂಲು, ಸುತ್ತಲೂ ಬೇಲಿ, ನಡುವೆ ಬಡವನ ಮಗನಿಗೆ ಮುಚ್ಚಿದ ಬಾಗಿಲು.

ಕರಿಯ ಕಡತಗಳು ಈಗ ಇಲ್ಲ. ಕೈಬರಹದ ಪಹಣಿಯೂ ‘ಭೂಮಿ’ ಯೋಜನೆಯೊಂದಿಗೆ ಗಣಕಯಂತ್ರಕ್ಕೆ ಏರಿ ಹೋಗಿದೆ. ಆದರೂ ಕನ್ಯಾನದ ಗುಡ್ಡದ ಆಚೆಯ ಮನೆಗೆ ಮಳೆಯಲ್ಲಿ ನೋಟೀಸು ತಲಪಬೇಕಾದರೆ, ಬಾಣಂತಿಯನ್ನು ವಿಚಾರಿಸಬೇಕಾದರೆ, ಮಗುವನ್ನು ತೂಗಿ ನೋಡಬೇಕಾದರೆ ಯಾರೋ ಒಬ್ಬರು ಸಂಕ ದಾಟಿ ನಡೆಯಲೇಬೇಕು. ಮನ್ರೋ ಸಾಹೇಬನು ಓದಿದ ಲೆಕ್ಕದಲ್ಲಿ ಆ ನಡೆಯುವವರ ಸಾಲು ಇರಲಿಲ್ಲ. ಎರಡು ಶತಮಾನಗಳ ಬಳಿಕ ನಮ್ಮ ಲೆಕ್ಕದಲ್ಲಿಯಾದರೂ ಅದು ಗೌರವವೆಂಬ ತಲೆಬರಹದ ಕೆಳಗಲ್ಲ, ಸಂಬಳವೆಂಬ ತಲೆಬರಹದ ಕೆಳಗೆ ಬರೆಯಲ್ಪಡಬೇಕೆಂಬುದು ನಮ್ಮ ನಮ್ರವಾದ ಅಭಿಪ್ರಾಯ.